ತಾರಸಿಗೆ ಡಾಂಬರು ಶೀಟು, ಅಕ್ರಿಲಿಕ್, ಸಿಮೆಂಟ್-ಪಾಲಿಮರ್: ಮೂರನ್ನೂ ಹಾಕಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ತಾರಸಿ ಸೋರದಂತೆ ಹಾಕಿಸುವ ಈ ಮೂರು ಪದರಗಳಲ್ಲಿ ನನಗೆ ಇಷ್ಟವಾಗಿದ್ದು ಸಿಮೆಂಟ್-ಪಾಲಿಮರ್ ಕೋಟಿಂಗ್. ಪುಡಿ ಬೇರೆ, ಬಿಳಿ ದ್ರವ ಬೇರೆ ಬರುತ್ತದಲ್ಲ, ಎರಡನ್ನೂ ಕಲಸಿ ಬ್ರಷ್‌ನಲ್ಲಿ ಬಳಿಯುವಂಥದ್ದು, ಅದೇ. ನಮ್ಮ ಮನೆಯ ತಾರಸಿ ಮೂರು ತುಂಡಾಗಿ ಮೂರು ಎತ್ತರದಲ್ಲಿದೆ. ಹಾಗಾಗಿ ಮುಂದಿನ ದೊಡ್ಡ ಭಾಗಕ್ಕೆ ಡಾಂಬರು ಶೀಟು, ಮೆಟ್ಟಿಲ ಕೋಣೆಯ ಮೇಲೆ ಅಕ್ರಿಲಿಕ್, ಹಿಂದಿನ ಭಾಗಕ್ಕೆ ಸಿಮೆಂಟ್-ಪಾಲಿಮರ್ ಅಂತ ಬೇರೆ ಬೇರೆ ಸಮಯದಲ್ಲಿ ಮಾಡಿಸಿದ್ದಾಯಿತು. ಮೂರೂ ಒಂದೇ ಬಿಸಿಲು, ಒಂದೇ ಮಳೆ ಕಂಡಿವೆ.

ನಾನು ಮುಖ್ಯವಾಗಿ ನೋಡುವುದು ಒಂದೇ ವಿಷಯ. ಕೆಟ್ಟಾಗ, ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗುತ್ತದಾ? ಯಾವ ಪದರವಾದರೂ ಒಂದು ದಿನ ಕೆಡುತ್ತದೆ. ಕಾಂಕ್ರೀಟ್ ಹಗಲು ಹಿಗ್ಗಿ ರಾತ್ರಿ ಕುಗ್ಗುತ್ತದೆ. 10 ಮೀಟರ್ ಉದ್ದದ ಮೋಲ್ಡ್ ತನ್ನ ಬಿಸಿ 30 ಡಿಗ್ರಿ ಏರಿಳಿದರೆ ಸುಮಾರು 3 ಮಿಲಿಮೀಟರ್ ಸರಿಯುತ್ತದೆ. ವರ್ಷಾನುಗಟ್ಟಲೆ ಇದೇ ನಡೆದರೆ ಮೇಲಿನ ಪದರ ಎಲ್ಲೋ ಒಂದು ಕಡೆ ಬಿಡುತ್ತದೆ. ಹಾಗೆ ಬಿಡುವ ಜಾಗಗಳೂ ಹೆಚ್ಚುಕಡಿಮೆ ಗೊತ್ತಿರುವಂಥವೇ: ಪ್ಯಾರಪೆಟ್ ಗೋಡೆಯ ಬುಡ, ಪೈಪು ಮೇಲೆ ಬರುವ ಸುತ್ತ, ನೀರು ಹೋಗುವ ತೂತಿನ ಬಾಯಿ.

ಡಾಂಬರು ಶೀಟಿನಿಂದ ಶುರು ಮಾಡುತ್ತೇನೆ, ನನ್ನ ತಲೆ ಕೆಡಿಸಿದ್ದು ಅದೇ. ಹಾಕಿದ ದಿನ ನೋಡಿದರೆ ತುಂಬಾ ಗಟ್ಟಿಮುಟ್ಟು. 4 ಮಿಲಿಮೀಟರ್ ದಪ್ಪ, 1 ಮೀಟರ್ ಅಗಲದ ಸುರುಳಿ. ಮೊದಲು ಪ್ರೈಮರ್ ಬಳಿದು, ಆಮೇಲೆ ಗ್ಯಾಸ್ ಬರ್ನರ್‌ನಿಂದ ಸುರುಳಿಯ ಅಡಿ ಕರಗಿಸುತ್ತಾ ಬಿಚ್ಚುತ್ತಾ ಹೋಗುತ್ತಾರೆ. ಪಕ್ಕದ ಶೀಟಿನ ಮೇಲೆ ಸುಮಾರು 10 ಸೆಂಟಿಮೀಟರ್ ಏರಿಸಿ ಅಂಟಿಸುತ್ತಾರೆ. ಮೊದಮೊದಲು ಎಷ್ಟು ಮಳೆ ಬಂದರೂ ಕೆಳಗೆ ಒಂದು ಹನಿ ಇಲ್ಲ. ಆಮೇಲೆ ನಡುಮನೆಯ ಸೀಲಿಂಗಿನಲ್ಲಿ, ಫ್ಯಾನಿನ ಪಕ್ಕ, ಹಳದಿ ಉಂಗುರ ಕಾಣಿಸಿಕೊಂಡಿತು.

ಮೇಲೆ ಹತ್ತಿ ಅದೇ ಜಾಗ ನೋಡಿದರೆ ಶೀಟಿಗೆ ಏನೂ ಆಗಿಲ್ಲ. ಹಾಕಿದವರನ್ನು ಕರೆಸಿದೆ. ಉಂಗುರದ ನೇರ ಮೇಲೆ ಒಂದು ತೇಪೆ ಹಾಕಿ ಹೋದರು. ಮುಂದಿನ ಮಳೆಗೆ ಉಂಗುರ ಇನ್ನೂ ಅಗಲವಾಯಿತು. ಮತ್ತೆ ಬಂದು ಅದರ ಪಕ್ಕಕ್ಕೆ ಇನ್ನೊಂದು ತೇಪೆ ಹಾಕಿದರು. ಸೋರಿಕೆ ನಿಲ್ಲಲೇ ಇಲ್ಲ.

ಶೀಟು ಮೋಲ್ಡಿಗೆ ಎಲ್ಲ ಕಡೆ ಸಮನಾಗಿ ಅಂಟಿರುವುದಿಲ್ಲ. ಎಲ್ಲಿ ಬಿಸಿ ಕಮ್ಮಿ ತಾಗಿದೆಯೋ ಅಲ್ಲಿ ಸಣ್ಣ ಸಂದು ಉಳಿಯುತ್ತದೆ. ಒಂದು ಕಡೆ ನುಗ್ಗಿದ ನೀರು ಆ ಸಂದಿನಲ್ಲೇ ವಾಟ ಇರುವ ಕಡೆಗೆ ಹರಿಯುತ್ತದೆ. ಮೋಲ್ಡಿನಲ್ಲಿ ಎಲ್ಲಿ ಬಿರುಕು ಸಿಗುತ್ತದೋ ಅಲ್ಲಿ ಕೆಳಗಿಳಿಯುತ್ತದೆ. ಕೆಳಗೆ ಕಂಡ ಒದ್ದೆ ಒಂದು ಕಡೆ, ಮೇಲಿನ ತೂತು ಇನ್ನೊಂದು ಕಡೆ. ಇದು ಗೊತ್ತಿಲ್ಲದೆ ಎಷ್ಟು ತೇಪೆ ಹಾಕಿದರೂ ದುಡ್ಡು ದಂಡ.

ಕೊನೆಗೆ ಮಳೆ ಇಲ್ಲದ ದಿನಗಳಲ್ಲಿ ತಾರಸಿಯ ಮೇಲೆ ಗಾರೆಯ ಸಣ್ಣ ಕಟ್ಟೆ ಕಟ್ಟಿ ಭಾಗ ಮಾಡಿದೆ. ಒಂದೊಂದೇ ಭಾಗಕ್ಕೆ 3 ಸೆಂಟಿಮೀಟರ್‌ನಷ್ಟು ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಗೆ ನೋಡುತ್ತಾ ಬಂದೆ. ಫ್ಯಾನಿನ ಮೇಲಿನ ಭಾಗ ತುಂಬಿಸಿದಾಗ ಏನೂ ಆಗಲಿಲ್ಲ. ಎತ್ತರದ ಬದಿಯ ಪ್ಯಾರಪೆಟ್ ಪಕ್ಕ ತುಂಬಿಸಿದಾಗ ಫ್ಯಾನಿನ ಹತ್ತಿರ ತೇವ ಬಂತು! ಆ ಗೋಡೆಯ ಬುಡದಲ್ಲಿ ಶೀಟು ಮೇಲಕ್ಕೆ ತಿರುಗುವ ಮಡಿಕೆಯೇ ಸೀಳಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು, ಹೆಬ್ಬೆರಳಿನಲ್ಲಿ ಒತ್ತಿದಾಗ ನೀರು ಹೊರಗೆ ಬಂತು.

ನೆಲ ಮತ್ತು ಗೋಡೆ ಸೇರುವ ಕಡೆ ಮೊದಲು ಗಾರೆ ತುಂಬಿ ಮೂಲೆಯನ್ನು ಓರೆ ಮಾಡಿಕೊಳ್ಳಬೇಕು. ಆಗ ಶೀಟು ನಿಧಾನವಾಗಿ ತಿರುಗುತ್ತದೆ, ಹಿಂದೆ ಪೊಳ್ಳು ಉಳಿಯುವುದಿಲ್ಲ. ಗೋಡೆಯ ಮೇಲೆ 15 ಸೆಂಟಿಮೀಟರ್ ಆದರೂ ಹತ್ತಿಸಿ, ತುದಿಯನ್ನು ಗೋಡೆ ಕೊರೆದು ಒಳಗೆ ಸೇರಿಸಿ ಮುಚ್ಚಬೇಕು, ಇಲ್ಲವೇ ಲೋಹದ ಪಟ್ಟಿ ಹೊಡೆದು ಸೀಲ್ ಮಾಡಬೇಕು. ನಮ್ಮಲ್ಲಿ ಎರಡೂ ಮಾಡಿರಲಿಲ್ಲ. ಸುಮ್ನೆ ಅಂಟಿಸಿ ಬಿಟ್ಟಿದ್ದರು. ಆ ಮಡಿಕೆ ಸರಿಮಾಡಿಸಿದ ಮೇಲೂ ಕೆಳಗಿನ ತೇವ ಬಹಳ ದಿನ ಆರಲಿಲ್ಲ, ಯಾಕೆಂದರೆ ಅಡಿಯಲ್ಲಿ ಸಿಕ್ಕಿಕೊಂಡ ನೀರಿಗೆ ಮೇಲೆ ಹೋಗಲು ದಾರಿಯೇ ಇಲ್ಲ. ಬಿಸಿಲು ಏರಿದಾಗ ಅದು ಆವಿಯಾಗಿ ಶೀಟಿನಲ್ಲಿ ಗುಳ್ಳೆ ಎಬ್ಬಿಸುತ್ತಿತ್ತು.

ಅಕ್ರಿಲಿಕ್ ಕೋಟಿಂಗ್ ಇದಕ್ಕೆ ಪೂರ್ತಿ ಉಲ್ಟಾ. ರೋಲರ್ ಹಿಡಿಯಲು ಬಂದರೆ ಸಾಕು, ಯಾರು ಬೇಕಾದರೂ ಹಚ್ಚಬಹುದು. ಬಿಳಿ ಬಣ್ಣದ್ದು ಹಚ್ಚಿದರೆ ಕೆಳಗಿನ ಕೋಣೆಯ ಬಿಸಿ ಕಮ್ಮಿಯಾಗುವುದು ಚೆನ್ನಾಗಿ ಗೊತ್ತಾಗುತ್ತದೆ. ಬಿರುಕು ಬಿಟ್ಟರೂ ಸುಲಿದರೂ ಕಣ್ಣೆದುರೇ ಕಾಣುತ್ತದೆ. ಆದರೆ ನಿಂತ ನೀರು ಅದಕ್ಕೆ ಆಗುವುದಿಲ್ಲ. ಮೆಟ್ಟಿಲ ಕೋಣೆಯ ಮೇಲೆ ವಾಟ ಚೆನ್ನಾಗಿರುವ ಕಡೆ ಇಂದಿಗೂ ಸರಿಯಾಗಿದೆ. ಎಲೆ ಕಟ್ಟಿಕೊಂಡು ನೀರು ನಿಲ್ಲುವ ತೂತಿನ ಸುತ್ತ ಮಾತ್ರ ಮೆತ್ತಗಾಗಿ ಹಾಳೆಹಾಳೆಯಾಗಿ ಎದ್ದು ಬಂತು. ಮಳೆ ನಿಂತು 48 ಗಂಟೆ ಆದ ಮೇಲೂ ನಿಮ್ಮ ತಾರಸಿಯಲ್ಲಿ ನೀರು ನಿಂತಿರುತ್ತದಾ? ಹಾಗಾದರೆ ಮೊದಲು ವಾಟ ಸರಿಮಾಡಿಸಿ, ಮೀಟರಿಗೆ 1 ಸೆಂಟಿಮೀಟರ್ ಆದರೂ ಇಳಿಜಾರು ಬೇಕು.

ಅಕ್ರಿಲಿಕ್ ಹಚ್ಚುವ ಮುಂಚೆ ಮೋಲ್ಡ್ ಒಣಗಿದೆಯಾ ಅಂತ ನೋಡುವುದು ಸುಲಭ. 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ನೆಲಕ್ಕೆ ಅಂಟಿಸಿ. 16 ಗಂಟೆ ಆದ ಮೇಲೆ ಹಾಳೆಯ ಕೆಳಗೆ ಹನಿ ಕಟ್ಟಿದ್ದರೆ, ಅಥವಾ ಕಾಂಕ್ರೀಟ್ ಕಪ್ಪಗೆ ಕಂಡರೆ, ಒಳಗೆ ಇನ್ನೂ ತೇವ ಇದೆ ಅಂತ ಅರ್ಥ. ಕಾಯಿರಿ.

ಸಿಮೆಂಟ್-ಪಾಲಿಮರಿಗೆ ಆ ಕಾಯುವಿಕೆಯೇ ಬೇಡ. ನೆಲವನ್ನು ಒದ್ದೆ ಮಾಡಿಯೇ ಬಳಿಯಬೇಕು, ನೀರು ಮಾತ್ರ ನಿಂತಿರಬಾರದು. ಸಿಮೆಂಟೇ ಆದ್ದರಿಂದ ಮೋಲ್ಡನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಒಳಗಿನ ಆವಿಯನ್ನೂ ಸ್ವಲ್ಪ ಸ್ವಲ್ಪವೇ ಹೊರಗೆ ಬಿಡುತ್ತದೆ. ಒಂದು ಕೈ (ಒಂದು ಪದರ) ಉದ್ದಕ್ಕೆ ಬಳಿದು, ಒಣಗಿದ ಮೇಲೆ ಇನ್ನೊಂದು ಕೈ ಅಡ್ಡಕ್ಕೆ ಬಳಿಯಬೇಕು. ಮೂಲೆಗಳಲ್ಲಿ ಎರಡರ ನಡುವೆ ಫೈಬರ್ ಬಲೆ. ಕಲಸಿದ್ದು ಬೇಗ ಗಟ್ಟಿಯಾಗುತ್ತದೆ, ಹೀಗಾಗಿ ಅರ್ಧ ಗಂಟೆಯಲ್ಲಿ ಖಾಲಿಯಾಗುವಷ್ಟೇ ಕಲಸಿಕೊಳ್ಳುವುದು ಒಳ್ಳೆಯದು. ಬಿಸಿಲಿಗೆ ಬಾಯಿ ತೆರೆದು ಮುಚ್ಚುವ ದೊಡ್ಡ ಬಿರುಕನ್ನು ಇದೊಂದೇ ತಡೆಯುವುದಿಲ್ಲ. ಅದನ್ನು ಮೊದಲು ಕೊರೆದು ಅಗಲ ಮಾಡಿ ಪಿಯು (ಪಾಲಿಯುರೆಥೇನ್) ಸೀಲಂಟ್, ಅಂದರೆ ರಬ್ಬರಿನಂತೆ ಹಿಗ್ಗಿ ಕುಗ್ಗುವ ಅಂಟು, ತುಂಬಿಸಬೇಕು.

ನನಗೆ ಇದು ಹಿಡಿಸಿದ್ದು ಕೆಟ್ಟಾಗ ನಡೆದುಕೊಂಡ ರೀತಿಗೆ. ಹಿಂದಿನ ಭಾಗದಲ್ಲೂ ಒಮ್ಮೆ ಸೀಲಿಂಗಿನಲ್ಲಿ ತೇವ ಬಂತು. ಮೇಲೆ ಹೋಗಿ ನೀರು ಚಿಮುಕಿಸಿ ಕಾದೆ. ನೆಲವೆಲ್ಲ ಆರಿ ಬೂದು ಬಣ್ಣಕ್ಕೆ ತಿರುಗಿದರೂ ಒಂದು ಗೆರೆ ಮಾತ್ರ ಕಪ್ಪಗೇ ಉಳಿಯಿತು. ಬಿರುಕು ನೀರು ಕುಡಿದಿರುತ್ತದೆ, ಬೇಗ ಆರುವುದಿಲ್ಲ. ಅದು ಕೆಳಗಿನ ತೇವದ ಸರಿಯಾಗಿ ಮೇಲೆಯೇ ಇತ್ತು. ತಂತಿ ಬ್ರಷ್‌ನಲ್ಲಿ ಉಜ್ಜಿ, ಒದ್ದೆ ಮಾಡಿ, ಎರಡು ಕೈ ಬಳಿದೆ. ಯಾರನ್ನೂ ಕರೆಯಬೇಕಾಗಲಿಲ್ಲ.

ಕೊರತೆಗಳೂ ಇವೆ. ಬೂದು ಬಣ್ಣ, ಬಿಸಿಲಿಗೆ ಕಾಯುತ್ತದೆ. ಜಾಸ್ತಿ ಓಡಾಟ ಇದ್ದರೆ ಸವೆಯುತ್ತದೆ, ಮೇಲೆ ಗಾರೆ ಅಥವಾ ಟೈಲ್ಸ್ ಹಾಕಿಸಬೇಕು.

ಈ ಮೂರರಲ್ಲಿ ಯಾವುದೂ ಪರಿಹಾರ ಆಗದ ಲಕ್ಷಣಗಳೂ ಇವೆ, ಅವನ್ನು ದಯವಿಟ್ಟು ಗಮನಿಸಿ. ಹಳದಿ ಉಂಗುರ, ಬಿಳಿ ಉಪ್ಪು, ಉಬ್ಬಿದ ಬಣ್ಣ, ಇವೆಲ್ಲ ನೀರು ಇಳಿಯುತ್ತಿದೆ ಅಂತ ಹೇಳುತ್ತವೆ. ಮಳೆ ಇಲ್ಲದ ತಿಂಗಳಲ್ಲೂ ಒದ್ದೆ ಹಾಗೇ ಇದ್ದರೆ ಪೈಪು ಅಥವಾ ಟ್ಯಾಂಕು ಸೋರುತ್ತಿರಬಹುದು, ಅದನ್ನು ಮೊದಲು ನೋಡಿ. ಆದರೆ ಸೀಲಿಂಗಿನಲ್ಲಿ ನೇರ ಗೆರೆಯಾಗಿ ಕಂದು ಕಲೆ ಬಂದರೆ, ಕೋಲಿನಲ್ಲಿ ತಟ್ಟಿದಾಗ ಪೊಳ್ಳು ಸದ್ದು ಬಂದರೆ, ಒಳಗಿನ ಕಂಬಿ ತುಕ್ಕು ಹಿಡಿಯುತ್ತಿದೆ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಹಿಡಿಯುತ್ತದೆ, ಕಾಂಕ್ರೀಟನ್ನು ಒಳಗಿನಿಂದ ಒಡೆದು ಚಕ್ಕೆಯಾಗಿ ಕೆಳಗೆ ಬೀಳಿಸುತ್ತದೆ. ಅದರ ಕೆಳಗೆ ಮಕ್ಕಳನ್ನು ಮಲಗಿಸಬೇಡಿ. ಕೋಟಿಂಗ್ ಆಮೇಲೆ, ಮೊದಲು ಎಂಜಿನಿಯರ್‌ಗೆ ತೋರಿಸಿ.

ಮಳೆ ಬಂದು ಹೋದ ಮೇಲೆ ತಾರಸಿಗೆ ಹೋಗಿ ತೂತಿನ ಬಾಯಿ ಗುಡಿಸಿ ಬರುವುದು ನನ್ನ ಅಭ್ಯಾಸ. ಒಂದೇ ಸಲ ದೊಡ್ಡ ಮೊತ್ತ ಹಾಕುವುದು ನನಗೆ ಕಷ್ಟ, ಆಗಾಗ ಸ್ವಲ್ಪ ಸ್ವಲ್ಪ ಖರ್ಚು ಮಾಡಬಲ್ಲೆ. ಹೀಗಾಗಿ ನನಗೆ ಸಿಮೆಂಟ್-ಪಾಲಿಮರೇ ಸರಿ. ಆಗಾಗ ತಾರಸಿ ಹತ್ತಿ ನೋಡಲು ಆಗದವರಿಗೆ, ಕೈಯಲ್ಲಿ ದುಡ್ಡು ಇದ್ದು ಮೂಲೆಗಳನ್ನು ಎದುರಿಗೆ ನಿಂತು ಮಾಡಿಸಿಕೊಳ್ಳುವವರಿಗೆ ಡಾಂಬರು ಶೀಟು ಆಗಬಹುದು. ವಾಟ ಚೆನ್ನಾಗಿದ್ದು ಬಿಸಿಯೇ ದೊಡ್ಡ ತೊಂದರೆ ಆಗಿದ್ದರೆ ಅಕ್ರಿಲಿಕ್. ಮುಂದಿನ ಭಾಗದ ಶೀಟಿನಲ್ಲಿ ಈಗ ಇನ್ನೊಂದು ಗುಳ್ಳೆ ಎದ್ದಿದೆ. ಈ ಸಲ ತೇಪೆ ಹಾಕಿಸುವುದಿಲ್ಲ, ಪೂರ್ತಿ ಕಿತ್ತು ಅಲ್ಲೂ ಸಿಮೆಂಟ್-ಪಾಲಿಮರ್ ಬಳಿಸುತ್ತೇನೆ.