ಅಟ್ಟದ ಏಣಿಗೆ ಹಾಕುವ ಜಿಪ್ ಟೆಂಟ್: 5ಕ್ಕೆ 3 ಸ್ಟಾರ್

ನಾವಿರುವುದು ಅಮೆರಿಕದ ಮಿನ್ನೆಸೋಟಾದಲ್ಲಿ. ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುವುದು ಇಲ್ಲಿ ಮಾಮೂಲಿ. ಮಹಡಿಯ ಪ್ಯಾಸೇಜಿನಲ್ಲಿ ಎಳೆದರೆ ಇಳಿಯುವ ಮಡಚೋ ಏಣಿ ಇದೆ. ಅದರ ಕೆಳಗೆ ನಿಂತರೆ ತಲೆ ಮೇಲೆ ಯಾರೋ ಫ್ರಿಜ್ ಬಾಗಿಲು ತೆಗೆದಿಟ್ಟ ಹಾಗಿರುತ್ತಿತ್ತು.

ಅಟ್ಟದ ಚಳಿಗಾಳಿ ಕೆಳಗಿಳಿಯುತ್ತಿದೆ ಅಂದುಕೊಂಡಿದ್ದೆ. ಒಂದು ದಿನ ಊದಬತ್ತಿ ಹಚ್ಚಿ ಏಣಿಯ ಬಾಗಿಲ ಸಂದಿಗೆ ಹಿಡಿದೆ, ನೋಡಿದರೆ ಹೊಗೆ ಅಡ್ಡ ತಿರುಗಿ ಸೀದಾ ಸಂದಿಯೊಳಗೆ ನುಗ್ಗಿತು. ಅಂದರೆ ನಾವು ದುಡ್ಡು ಕೊಟ್ಟು ಬಿಸಿ ಮಾಡಿದ ಗಾಳಿ ಮೇಲೆ ಹೋಗುತ್ತಿತ್ತು, ಅದರ ಜಾಗ ತುಂಬಲು ಕೆಳಗಿನ ಸಂದುಗೊಂದುಗಳಿಂದ ತಣ್ಣನೆ ಗಾಳಿ ಒಳಗೆ ಬರುತ್ತಿತ್ತು. ಹತ್ತಿ ನೋಡಿದರೆ ಅಟ್ಟದಲ್ಲಿ ಬೆಳಗಿನ ಒಗ್ಗರಣೆ ವಾಸನೆ! ಸೂರಿನಿಂದ ಇಣುಕುವ ಮೊಳೆಗಳ ತುದಿಯಲ್ಲೆಲ್ಲ ಉಪ್ಪಿನ ಹರಳಿನ ಹಾಗೆ ಹಿಮ ಕಟ್ಟಿತ್ತು. ಕುಕ್ಕರ್ ಆವಿ, ಸ್ನಾನದ ಆವಿ ಎಲ್ಲ ಅಲ್ಲೇ ಹೋಗಿ ಕೂತಿದೆ. ಬಿಸಿಲು ಬಂದರೆ ಕರಗಿ ತೊಟ್ಟಿಕ್ಕುತ್ತದೆ.

ಅದಕ್ಕೇ ಈ ಟೆಂಟ್ ತರಿಸಿದೆ. ಬೆಳ್ಳಿ ಬಣ್ಣದ ಬಬಲ್ ಹಾಳೆ, ಮಧ್ಯೆ ಜಿಪ್. ಏಣಿಯ ಸುತ್ತಲಿನ ಮರದ ಚೌಕಟ್ಟಿಗೆ ಸ್ಟೇಪಲ್ ಹೊಡೆದರೆ ಮುಗಿಯಿತು, ಅರ್ಧ ಗಂಟೆ ಕೆಲಸ ಅಂತ ಬರೆದಿದ್ದಾರೆ. ನನಗೆ ಎರಡೂವರೆ ಗಂಟೆ ಹಿಡಿಯಿತು. ಎರಡು ಸ್ಟೇಪಲ್ ನಡುವೆ ಹಾಳೆ ಸೊಟ್ಟಗೆ ಎದ್ದು ನಿಲ್ಲುತ್ತದೆ, ಊದಬತ್ತಿ ಹಿಡಿದರೆ ಹೊಗೆ ಆರಾಮಾಗಿ ಅಲ್ಲಿಂದಲೇ ಹೋಯಿತು. ಕೊನೆಗೆ ಅಂಚಿನ ಕೆಳಗೆ ಕಾಲ್ಕ್ (ಸಂದಿ ಮುಚ್ಚುವ ಪೇಸ್ಟ್) ಬಳಿದು, ಮೇಲೆ ಫಾಯಿಲ್ ಟೇಪ್ ಅಂಟಿಸಿದ ಮೇಲೆ ನಿಂತಿತು. ಟೇಪ್ ಡಬ್ಬದಲ್ಲಿ ಇರಲಿಲ್ಲ, ನಾನೇ ಕೊಂಡದ್ದು. ಜಿಪ್ ಎರಡನೇ ವಾರಕ್ಕೇ ಮೂಲೆಯಲ್ಲಿ ಸಿಕ್ಕಿಕೊಂಡಿತು. ಮೇಣದ ಬತ್ತಿ ತಿಕ್ಕಿದೆ, ಈಗ ಪರವಾಗಿಲ್ಲ.

ಬೇಜಾರಾಗಿದ್ದು ಡಬ್ಬದ ಮೇಲಿನ ದೊಡ್ಡ ಆರ್-ವ್ಯಾಲ್ಯೂ ನಂಬರ್ ನೋಡಿ. ಆರ್-ವ್ಯಾಲ್ಯೂ ಅಂದರೆ ಶಾಖ ತಡೆಯುವ ಶಕ್ತಿಯ ಅಳತೆ. ಇಂಥ ಬಬಲ್ ಹಾಳೆಯದು ಬರೀ 1ರ ಆಸುಪಾಸು. ಹೊಳೆಯುವ ಫಾಯಿಲ್ ಸೆಕೆಯ ಊರಲ್ಲಿ ಸೂರಿನ ಕಾವು ತಡೆಯಲು ಸರಿ, ಇಲ್ಲಿನ ಚಳಿಗೆ ಸಾಲದು. ಸುತ್ತ ಅಟ್ಟದ ನೆಲಕ್ಕೆ 14 ಇಂಚು ಸೆಲ್ಯುಲೋಸ್ (ಚಳಿ ತಡೆಯುವ ಕಾಗದದ ನಾರು) ಹಾಕಿಸಿದ್ದೇನೆ, ಅದು ಸುಮಾರು ಆರ್-49. ಮಧ್ಯದಲ್ಲಿ 9 ಚದರ ಅಡಿ ತೂತಿಗೆ ಮಾತ್ರ ಬಬಲ್ ಹಾಳೆ. ಸ್ವೆಟರ್ ಹಾಕಿಕೊಂಡು ಗುಂಡಿ ಬಿಟ್ಟ ಹಾಗೆ, ಅಲ್ವಾ?

ಹಾಗಾಗಿ 2 ಇಂಚಿನ ಎಕ್ಸ್‌ಪಿಎಸ್ (ಗಟ್ಟಿ ಪಾಲಿಸ್ಟೈರೀನ್) ಫೋಮ್ ಹಲಗೆ ತಂದು, ಎರಡು ಪದರ ಸೇರಿಸಿ, ಟೆಂಟ್ ಮೇಲೆ ಬೋರಲು ಹಾಕುವ ಡಬ್ಬ ಮಾಡಿದೆ. ಇಂಚಿಗೆ ಆರ್-5, ಒಟ್ಟು 20. ತುಂಬಾ ಹಗುರ, ಜಿಪ್ ತೆಗೆದು ಒಂದು ಕೈಯಲ್ಲೇ ಪಕ್ಕಕ್ಕೆ ತಳ್ಳಬಹುದು. ಕೆಳಗಿನ ಬಾಗಿಲಿಗೆ ಸುತ್ತ ಫೋಮ್ ಟೇಪ್ ಅಂಟಿಸಿ, ಅದು ಒತ್ತಿ ಕೂರಲಿ ಅಂತ ಎರಡು ಕೊಕ್ಕೆ ಹಾಕಿದೆ. ನಿಜ ಹೇಳಬೇಕೆಂದರೆ ಟೆಂಟ್‌ಗಿಂತ ಜಾಸ್ತಿ ಫರಕು ಕಂಡದ್ದು ಈ ಅಗ್ಗದ ಟೇಪು, ಕೊಕ್ಕೆಯಿಂದಲೇ. ಈಗ ಮೊಳೆಗಳ ಮೇಲೆ ಹಿಮ ಇಲ್ಲ.

ಕೊಳ್ಳುವವರು ಬಾಗಿಲನ್ನಲ್ಲ, ಮೇಲೆ ಹತ್ತಿ ಚೌಕಟ್ಟನ್ನು ಅಳೆಯಿರಿ. ಮಡಚಿದ ಏಣಿ ಎಷ್ಟು ಎತ್ತರ ಏಳುತ್ತದೆ ಅಂತಲೂ ನೋಡಿ. ನಾನು ಅದನ್ನು ಮರೆತು ಮೊದಲನೇ ಟೆಂಟ್ ವಾಪಸ್ ಕಳಿಸಿದೆ. ಕೆಲಸ ಅಕ್ಟೋಬರಿನಲ್ಲೇ ಮುಗಿಸಿ. ಜನವರಿಯಲ್ಲಿ ಅಲ್ಲಿ ಕೂತು ಸ್ಟೇಪಲ್ ಹೊಡೆದರೆ ಬೆರಳು ಯಾವುದು, ಸ್ಟೇಪಲರ್ ಯಾವುದು ಗೊತ್ತಾಗುವುದಿಲ್ಲ.