ಜಿಎಸ್‌ಟಿ ನಂಬರ್ ಸಿಕ್ಕಿದರೆ ಫರ್ಮ್ ನೋಂದಣಿ ಆದಂತಲ್ಲ

ಇಬ್ಬರು ಸೇರಿ ಸಣ್ಣ ವ್ಯಾಪಾರ ಶುರು ಮಾಡುವವರು ದಯವಿಟ್ಟು ಇದನ್ನು ಓದಿ. ಹಾಕಬೇಕಿದ್ದ ಒಂದು ಅರ್ಜಿ ಹಾಕದೆ ನಾನು 2 ಲಕ್ಷ 80 ಸಾವಿರ ರೂಪಾಯಿ ಕಳೆದುಕೊಂಡೆ.

ನಮ್ಮದು ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ವ್ಯಾಪಾರ. ಬೀಜ ಹುರಿದು, ಪುಡಿ ಮಾಡಿ, ಕೇಳಿದವರಿಗೆ ಚಿಕೋರಿ ಬೆರೆಸಿ ಹೋಟೆಲು, ಹೋಂಸ್ಟೇಗಳಿಗೆ ಕೊಡುತ್ತೇವೆ. ನಾನು, ನಮ್ಮ ಭಾವ ಸೇರಿ ಶುರು ಮಾಡಿದ್ದು. ಛಾಪಾ ಕಾಗದದಲ್ಲಿ ಡೀಡ್, ಅಂದರೆ ಪಾಲುದಾರಿಕೆ ಕರಾರು ಪತ್ರ, ಬರೆಸಿ ನೋಟರಿ ಮಾಡಿಸಿದೆವು. ಫರ್ಮ್ (ಪಾಲುದಾರಿಕೆ ಸಂಸ್ಥೆ) ಹೆಸರಲ್ಲಿ ಪ್ಯಾನ್, ಜಿಎಸ್‌ಟಿ, ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ), ಬ್ಯಾಂಕ್ ಖಾತೆ ಎಲ್ಲ ಆಯಿತು. 'ಎಲ್ಲಾ ರಿಜಿಸ್ಟರ್ ಆಗಿದೆ ಬಿಡಿ' ಅಂದರು ಲೆಕ್ಕ ಬರೆಯುವವರು. ಇಷ್ಟೊಂದು ನಂಬರ್ ಕೈಗೆ ಬಂದ ಮೇಲೆ ಇನ್ನೇನು ಬಾಕಿ ಅನ್ನಿಸುತ್ತೆ, ಅಲ್ವಾ?

ಹಾಸನದ ಒಬ್ಬ ಡೀಲರ್ ತಿಂಗಳು ತಿಂಗಳು ಸಾಲಕ್ಕೆ ಪುಡಿ ಒಯ್ಯುತ್ತಿದ್ದರು. ಮೊದಮೊದಲು ಸರಿಯಾಗಿ ಕೊಟ್ಟರು. ಆಮೇಲೆ ಇವತ್ತು ನಾಳೆ ಅಂತ ಬಾಕಿ 4 ಲಕ್ಷ 60 ಸಾವಿರಕ್ಕೆ ಬಂತು. ಗಿರಾಕಿ ಕೈ ತಪ್ಪಬಾರದು ಅಂತ ಎರಡು ವರ್ಷಕ್ಕೂ ಜಾಸ್ತಿ ಸುಮ್ಮನಿದ್ದೆವು. ಕೊನೆಗೆ ವಕೀಲರ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದೇ 'ಫರ್ಮ್ ನೋಂದಣಿ ಪತ್ರ ಎಲ್ಲಿ?' ನಾನು ಜಿಎಸ್‌ಟಿ ಸರ್ಟಿಫಿಕೇಟ್ ಕೊಟ್ಟೆ. ಅದನ್ನು ಪಕ್ಕಕ್ಕಿಟ್ಟು, 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಂ ಬಿಡಿಸಿ ಹೇಳಿದರು.

ಫರ್ಮನ್ನು ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಹತ್ತಿರ ನೋಂದಾಯಿಸುವುದು ಕಡ್ಡಾಯವಲ್ಲ. ನೋಂದಾಯಿಸದೆಯೂ ವ್ಯಾಪಾರ ನಡೆಸಬಹುದು. ಆದರೆ ಕರಾರಿನ ಮೇಲೆ ಬರಬೇಕಾದ ಹಣಕ್ಕೆ ಅಂಥ ಫರ್ಮ್ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ನಮಗೆ ಬೀಜ ಕೊಟ್ಟವರು ಮಾತ್ರ ನಮ್ಮ ಮೇಲೆ ಧಾರಾಳವಾಗಿ ಹೂಡಬಹುದು! ಡೀಡಿನಲ್ಲಿ ಬರೆದದ್ದನ್ನು ನಡೆಸಿಕೊಡಿ ಅಂತ ಪಾಲುದಾರರು ಒಬ್ಬರ ಮೇಲೊಬ್ಬರು ಹೋಗುವುದಕ್ಕೂ ಆಗಲ್ಲ. ಫರ್ಮ್ ಮುಚ್ಚಿ ಲೆಕ್ಕ ಕೊಡಿಸಿ ಅಂತ ಕೇಳಬಹುದು, ಅಷ್ಟೇ.

ಸರಿ, ಈಗಲೇ ಮಾಡಿಸೋಣ ಅಂದೆ. ತಡವಾಗಿ ಮಾಡಿಸಿದರೂ ನಡೆಯುತ್ತೆ, ದಾವೆ ಹಾಕುವ ಮುಂಚೆ ಆಗಿರಬೇಕು. ಆದರೆ ಅರ್ಜಿಗೆ ಎಲ್ಲ ಪಾಲುದಾರರ ಸಹಿ ಬೇಕು. ಅಷ್ಟರಲ್ಲಿ ಭಾವ ಮನಸ್ತಾಪ ಮಾಡಿಕೊಂಡು ಬೆಂಗಳೂರಿಗೆ ಹೋಗಿದ್ದರು. ಫೋನ್ ಎತ್ತುತ್ತಿರಲಿಲ್ಲ. ಅಕ್ಕ ಎಷ್ಟು ಸಲ ಅತ್ತಿದ್ದಾಳೋ. ಸಹಿ ಬಂದದ್ದು ಎಂಟು ತಿಂಗಳಿಗೆ. ಮಾರಿದ ಮಾಲಿನ ಹಣಕ್ಕೆ ದಾವೆ ಹೂಡಲು ಇರುವುದು ಮೂರೇ ವರ್ಷ. ಹಳೇ ಬಿಲ್ಲುಗಳ ಕಾಲ ಮುಗಿದೇ ಹೋಯಿತು. 'ಇಷ್ಟು ಬಾಕಿ ಇದೆ' ಅಂತ ಆ ಡೀಲರ್ ಹತ್ತಿರ ಅವಧಿಯೊಳಗೆ ಬರೆಸಿ ಸಹಿ ಹಾಕಿಸಿಕೊಂಡಿದ್ದರೂ ಮೂರು ವರ್ಷ ಹೊಸದಾಗಿ ಶುರುವಾಗುತ್ತಿತ್ತು. ಅದೂ ನನಗೆ ಗೊತ್ತಿರಲಿಲ್ಲ.

ಈ ನಡುವೆ ಬೀಜದ ಸಾಹುಕಾರರು ಪೂರ್ತಿ ಬಾಕಿಗೆ ನನ್ನನ್ನೇ ಹಿಡಿದರು. ಅರ್ಧ ಭಾವನದ್ದು ಅಂದರೆ ಯಾರು ಕೇಳುತ್ತಾರೆ? ಫರ್ಮಿನ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ. ಮನೆಯವಳ ಸರ ಅಡವಿಟ್ಟು ಕೊಟ್ಟೆ.

ಒಬ್ಬರೇ ಮಾಡುವುದಾದರೆ ಈ ತಾಪತ್ರಯ ಇಲ್ಲ, ಮಾಲೀಕರೇ ತಮ್ಮ ಹೆಸರಲ್ಲಿ ದಾವೆ ಹಾಕಬಹುದು. ಪಾಲು ಸೇರುವುದಾದರೆ ಡೀಡಿಗೆ ಸಹಿ ಹಾಕಿದ ವಾರವೇ, ಇಬ್ಬರೂ ಚೆನ್ನಾಗಿರುವಾಗಲೇ, ನೋಂದಣಿಗೆ ಕೊಡಿ. ನಮ್ಮ ರಾಜ್ಯದಲ್ಲಿ ಇದನ್ನು ಜಿಲ್ಲಾ ನೋಂದಣಾಧಿಕಾರಿ ಕಚೇರಿ ನೋಡಿಕೊಳ್ಳುತ್ತದೆ. ಸ್ವಂತ ಆಸ್ತಿ ಪಣಕ್ಕಿಡುವುದು ಬೇಡ ಅನ್ನುವವರಿಗೆ 2008ರ ಕಾಯ್ದೆಯ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಇದೆ. ಅದು ನೋಂದಣಿ ಆಗದೆ ಹುಟ್ಟುವುದೇ ಇಲ್ಲ. ಆದರೆ ವ್ಯಾಪಾರ ಆಗಲಿ ಬಿಡಲಿ, ಪ್ರತಿ ವರ್ಷ ಫಾರ್ಮ್ 8 (ಲೆಕ್ಕಪತ್ರ), ಫಾರ್ಮ್ 11 (ವಾರ್ಷಿಕ ವಿವರ) ಸಲ್ಲಿಸಬೇಕು, ತಡವಾದರೆ ದಂಡ. ಬ್ಯಾಂಕ್ ಸಾಲಕ್ಕೆ ನೀವೇ ಜಾಮೀನು ಹಾಕಿದರೆ ಆ ಸಾಲಕ್ಕೆ ಎಲ್‌ಎಲ್‌ಪಿಯ ರಕ್ಷಣೆಯೂ ಸಿಗಲ್ಲ.

ಉಳಿದ 1 ಲಕ್ಷ 80 ಸಾವಿರಕ್ಕೆ ದಾವೆ ನಡೆಯುತ್ತಿದೆ. ಮುಂದಿನ ವಾಯಿದೆಗೆ ಸಾಕ್ಷಿ ಹೇಳಲು ಭಾವ ಬರುತ್ತೇನೆ ಅಂದಿದ್ದಾರೆ.