5 ಅಡಿ ಎತ್ತರದವಳಿಗೆ ಹೊಂದಿದ ಆಫೀಸ್ ಚೇರ್: ಮೂರು ತಿಂಗಳು ಕೂತ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ತಗೊಂಡಿದ್ದು ಹೊಸ ಚೇರ್ ಅಲ್ಲ. ಬೆಂಗಳೂರಿನಲ್ಲಿ ಕಂಪನಿಗಳು ಆಫೀಸ್ ಖಾಲಿ ಮಾಡುವಾಗ ಬಿಟ್ಟುಕೊಡುವ ಚೇರುಗಳನ್ನು ಒಟ್ಟಿಗೆ ಕೊಂಡು, ಬಿಚ್ಚಿ ತೊಳೆದು, ಹೋಗಿರುವ ಪಾರ್ಟ್ ಬದಲಿಸಿ ಮಾರುವ ಗೋಡೌನ್‌ಗಳಿವೆ. ಅಂಥ ಒಂದು ಕಡೆ 7,500 ರೂಪಾಯಿ ಕೊಟ್ಟು ತಂದ ಮೆಶ್ ಚೇರ್ ಇದು, ಅಂದರೆ ಕುಶನ್ ಬದಲು ಬಲೆಯಂಥ ಬಟ್ಟೆ ಬಿಗಿದದ್ದು. ಹಿಂದಿನ ಸ್ಟಿಕ್ಕರ್ ಕಿತ್ತುಹೋಗಿದೆ, ಯಾವ ಕಂಪನಿಯದು ಅಂತ ಮಾರಿದವರಿಗೂ ಗೊತ್ತಿರಲಿಲ್ಲ. ಆದರೂ ಇದರ ಬಗ್ಗೆ ಇಷ್ಟುದ್ದ ಬರೆಯುತ್ತಿರುವುದಕ್ಕೆ ಕಾರಣ ಇದೆ. ನನ್ನ ಹಾಗೆ ಎತ್ತರ ಕಡಿಮೆ ಇರುವವರು ಎಷ್ಟೋ ಜನ ಸೊಂಟನೋವು, ಕತ್ತುನೋವು ಅಂತ ಮಾತ್ರೆ ನುಂಗುತ್ತಾ ಕೂತಿದ್ದಾರೆ. ಅವರು ಕೂರುವ ಚೇರು, ಟೇಬಲ್ಲು ಎರಡೂ ಅವರ ಅಳತೆಗೆ ಮಾಡಿದ್ದೇ ಅಲ್ಲ.

ಮೈಸೂರಿನ ನಮ್ಮ ಮನೆಯ ಮುಂದಿನ ರೂಮೇ ನನ್ನ ಆಫೀಸು. ಅಂಗಡಿಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ಫೈಲ್ ಮಾಡುವುದು ಕೆಲಸ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅಂತ ಎರಡು ರಿಟರ್ನ್‌ಗಳ ಗಡುವು, ಆ ದಿನಗಳ ಹಿಂದುಮುಂದು ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಬಿಟ್ಟು ಏಳುವುದೇ ಇಲ್ಲ. ಮೊದಲು ಇದ್ದದ್ದು ಶೋರೂಮಿನಲ್ಲಿ ಕೊಂಡ ದಪ್ಪ ಕುಶನ್‌ನ, ರೆಕ್ಸಿನ್ ಹೊದಿಸಿದ ಹೈ ಬ್ಯಾಕ್ ಚೇರ್. ನೋಡೋಕೆ ಚೆಂದ. ಮಧ್ಯಾಹ್ನದ ಹೊತ್ತಿಗೆ ಕಾಲು ಜೋಮು ಹಿಡಿಯುತ್ತಿತ್ತು, ಸಂಜೆಗೆ ಪಾದ ಊದಿಕೊಳ್ಳುತ್ತಿತ್ತು, ಬಲ ಭುಜ ಕಲ್ಲಾಗುತ್ತಿತ್ತು. ಎರಡು ವರ್ಷ ಇದನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡಿದ್ದೆ.

ಕೊನೆಗೆ ಫಿಸಿಯೋಥೆರಪಿಗೆ ಹೋದಾಗ ಅಲ್ಲಿನ ಮೇಡಂ ಒಂದು ಕೆಲಸ ಹೇಳಿದರು. "ನೀವು ಕೆಲಸ ಮಾಡ್ತಾ ಕೂತಿರೋದನ್ನ ಪಕ್ಕದಿಂದ ಒಂದು ಫೋಟೊ ತೆಗೆಸಿ ಕಳಿಸಿ, ನಿಮಗೆ ಗೊತ್ತಾಗದ ಹಾಗೆ ತೆಗೆಯೋಕೆ ಹೇಳಿ." ಮಗಳು ತೆಗೆದಳು. ಮೇಡಂ ಫೋಟೊ ನೋಡಿ ಬೆನ್ನಿನ ಮಾತೇ ಎತ್ತಲಿಲ್ಲ, "ಮೇಡಂ, ನಿಮ್ಮ ಕಾಲು ನೆಲದಲ್ಲೇ ಇಲ್ವಲ್ಲಾ" ಅಂದರು. ನಿಜ. ಎರಡೂ ಕಾಲಿನ ಬೆರಳು ಚೇರಿನ ಚಕ್ರದ ಮೇಲೆ ಸಿಕ್ಕಿಸಿಕೊಂಡು, ಸೀಟಿನ ತುದಿಗೆ ಜಾರಿ ಕೂತಿದ್ದೆ, ಬೆನ್ನಿಗೂ ಒರಗುವ ಭಾಗಕ್ಕೂ ನಡುವೆ ಒಂದು ದಿಂಬು ಇಡುವಷ್ಟು ಜಾಗ ಇತ್ತು.

ಟೇಪ್ ಹಿಡಿದು ಅಳೆದಾಗ ಎಲ್ಲಾ ಬಿಡಿಸಿ ಹೇಳಿದಂತಾಯಿತು. ಆ ಚೇರನ್ನು ಎಷ್ಟು ಇಳಿಸಿದರೂ ಸೀಟು ನೆಲದಿಂದ 18 ಇಂಚು. ನನ್ನ ಮಂಡಿಯ ಹಿಂಭಾಗದಿಂದ ಹಿಮ್ಮಡಿಗೆ 15 ಇಂಚು. ಅಂದರೆ 3 ಇಂಚು ಕಾಲು ನೇತಾಡುತ್ತದೆ, ಸೀಟಿನ ಅಂಚು ತೊಡೆಯ ಅಡಿಗೆ ಒತ್ತುತ್ತದೆ, ಜೋಮು ಬರದೆ ಇನ್ನೇನು? ಸೀಟಿನ ಆಳ 20 ಇಂಚು, ನನ್ನ ತೊಡೆ ಅಷ್ಟು ಉದ್ದ ಇಲ್ಲ, ಹಿಂದೆ ಸರಿದು ಒರಗಿದರೆ ಕಾಲು ಮಡಿಸೋಕೇ ಆಗಲ್ಲ. ಹಾಗಾಗಿ ಮುಂದೆ ಜಾರುವುದು, ಗೂನಾಗುವುದು, ಕತ್ತು ಚಾಚುವುದು. ಮೇಲಿಂದ ಟೇಬಲ್ 30 ಇಂಚು ಎತ್ತರ. ಮೊಣಕೈ ಆ ಎತ್ತರಕ್ಕೆ ಬರಬೇಕಾದರೆ ಭುಜ ಎತ್ತಿಯೇ ಇಟ್ಟುಕೊಳ್ಳಬೇಕು, ದಿನವಿಡೀ.

ಈಗ ಚೇರಿನ ವಿಷಯ. ಗೋಡೌನ್‌ಗೆ ಹೋಗುವಾಗ ಟೇಪ್ ಬ್ಯಾಗಿನಲ್ಲೇ ಇತ್ತು. ಅಲ್ಲಿ ಹರ್ಮನ್ ಮಿಲ್ಲರ್ ಕಂಪನಿಯ ಏರಾನ್ ಕೂಡ ಇತ್ತು, 1994ರಲ್ಲಿ ಬಂದ ಆ ಹೆಸರುವಾಸಿ ಮೆಶ್ ಚೇರ್. ಅದರಲ್ಲಿ ನನಗೆ ಮೆಚ್ಚುಗೆಯಾದ ವಿಷಯ ಏನಂದರೆ ಚಪ್ಪಲಿಗೆ ಸೈಜ್ ಇದ್ದ ಹಾಗೆ ಅದಕ್ಕೂ ಎ, ಬಿ, ಸಿ ಅಂತ ಮೂರು ಸೈಜ್. ಬೆನ್ನಿನ ಚೌಕಟ್ಟಿನ ಮೇಲಂಚಿನ ಹಿಂಬದಿಗೆ ಬೆರಳಾಡಿಸಿದರೆ ಸಣ್ಣ ಗುಬುಟು ಸಿಗುತ್ತವೆ, ಒಂದಿದ್ದರೆ ಎ, ಎರಡಿದ್ದರೆ ಬಿ, ಮೂರಿದ್ದರೆ ಸಿ. ಅಲ್ಲಿದ್ದದ್ದೆಲ್ಲಾ ಬಿ, ನನಗೆ ಬೇಕಾದದ್ದು ಎ. ಬೆಲೆಯೂ ನನ್ನ ಕೈಗೆ ಎಟುಕುವಂಥದ್ದಲ್ಲ. ಆದರೆ ಚೇರಿಗೂ ಸೈಜ್ ಇರಬೇಕು ಅನ್ನುವುದು ಮೂವತ್ತು ವರ್ಷದ ಹಿಂದೆಯೇ ಒಬ್ಬರಿಗೆ ಹೊಳೆದಿತ್ತಲ್ಲ ಅಂತ ಖುಷಿಯಾಯಿತು.

ಅಲ್ಲಿನ ಹುಡುಗ ಒಳ್ಳೆಯವನು. "ಅಕ್ಕಾ, ಎಷ್ಟೊತ್ತು ಬೇಕಾದ್ರೂ ಕೂತು ನೋಡಿ" ಅಂತ ಬಿಟ್ಟುಬಿಟ್ಟ. ಹನ್ನೊಂದು ಚೇರಿನ ಮೇಲೆ ಕೂತೆ. ಸೊಂಟವನ್ನು ಪೂರ್ತಿ ಹಿಂದಕ್ಕೆ ಒತ್ತಿ ಕೂತು, ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ತೂರುತ್ತದಾ ಅಂತ ನೋಡುವುದು, ಅದೊಂದೇ ಪರೀಕ್ಷೆಯಲ್ಲಿ ಎಂಟು ಚೇರ್ ಬಿದ್ದುಹೋದವು. ನಾನು ತಂದದ್ದರಲ್ಲಿ ಸೀಟನ್ನೇ ಹಿಂದೆ ಮುಂದೆ ಎಳೆಯಬಹುದು, 16 ಇಂಚಿನಿಂದ ಹದಿನೆಂಟೂವರೆ ಇಂಚಿನವರೆಗೆ. ಎತ್ತರ 16ರಿಂದ 20. ಸೊಂಟದ ಹತ್ತಿರ ಒತ್ತು ಕೊಡುವ ಪಟ್ಟಿ ಮೇಲೆ ಕೆಳಗೆ ಸರಿಯುತ್ತದೆ. ಇನ್ನೊಂದು, ಹಳೇ ಚೇರ್ ಕೊಳ್ಳುವವರು ಇದನ್ನು ಮರೀಬೇಡಿ: ಪೂರ್ತಿ ಎತ್ತರಕ್ಕೆ ಏರಿಸಿ, ಸೀಟಿನ ಎತ್ತರ ಅಳೆದು, ಹತ್ತು ನಿಮಿಷ ಕೂತು, ಮತ್ತೆ ಅಳೆಯಿರಿ. ಇಳಿದಿದ್ದರೆ ಸೀಟನ್ನು ಎತ್ತಿ ಹಿಡಿಯುವ ಒಳಗಿನ ಗ್ಯಾಸ್ ಸಿಲಿಂಡರ್ ಹೋಗಿದೆ ಅಂತ ಅರ್ಥ, ಅದನ್ನು ಬದಲಿಸಬೇಕು. ನಾನು ಕೂತದ್ದರಲ್ಲಿ ಒಂದು ಹಾಗೆ ನಿಧಾನಕ್ಕೆ ಕುಸಿಯಿತು.

ಕುಂದುಗಳೂ ಇವೆ. ಬಲಗಡೆಯ ಕೈಯಾಸರೆ ಅಲ್ಲಾಡುತ್ತದೆ, ವಾರಕ್ಕೊಮ್ಮೆ ಅಲೆನ್ ಕೀಲಿಯಿಂದ ಅದರ ಸ್ಕ್ರೂ ಬಿಗಿ ಮಾಡುತ್ತೇನೆ. ಮೊದಲ ಹತ್ತು ದಿನ ಮೆಶ್ ಸೋಪಿನ ವಾಸನೆ ಹೊಡೆಯುತ್ತಿತ್ತು. ಬಿಲ್ಲನ್ನು ಎರಡು ಸಲ ಕೇಳಿ ಪಡೆಯಬೇಕಾಯಿತು, ಗ್ಯಾರಂಟಿ ಬಾಯಿಮಾತಿನದು. ದೊಡ್ಡ ತೊಂದರೆ ಕೊಟ್ಟಿದ್ದು ಚಕ್ರ. ನಮ್ಮದು ಅಜ್ಜನ ಕಾಲದ ಕೆಂಪು ರೆಡ್ ಆಕ್ಸೈಡ್ ನೆಲ, ಎರಡೇ ದಿನದಲ್ಲಿ ಅದರ ಮೇಲೆ ಬಿಳಿ ಗೀರು ಎದ್ದಿತು. ಅಷ್ಟು ವರ್ಷ ಒರೆಸಿ ಒರೆಸಿ ಹೊಳಪು ತಂದ ನೆಲ, ಸಂಕಟವಾಯಿತು. ಕಂಪನಿಗಳಲ್ಲಿ ಕಾರ್ಪೆಟ್ ಹಾಸಿರುತ್ತಾರೆ, ಅದಕ್ಕೆ ಗಟ್ಟಿ ನೈಲಾನ್ ಚಕ್ರ. ಮನೆ ನೆಲಕ್ಕೆ ಮೆತ್ತನೆ ರಬ್ಬರಿನಂಥ ಚಕ್ರ ಬೇಕು. ಐದು ಚಕ್ರ ಬೇರೆ ತರಿಸಿದೆ, ಕೈಯಲ್ಲೇ ಎಳೆದು ಕಿತ್ತು ಕೈಯಲ್ಲೇ ಒತ್ತಿ ಹಾಕಬಹುದು. ಚೇರ್ ಮನೆಗೆ ಬರುವ ಮೊದಲೇ ಇದನ್ನು ಮಾಡಿಸಿಕೊಳ್ಳಿ.

ಚೇರ್ ಬಂದ ಮೇಲೂ ಭುಜದ ನೋವು ಹೋಗಲಿಲ್ಲ, ಯಾಕಂದರೆ ಟೇಬಲ್ ಹಾಗೇ ಇತ್ತು. ಕೂತಾಗ ನನ್ನ ಮೊಣಕೈ ಸೀಟಿನಿಂದ 8 ಇಂಚು ಮೇಲೆ ಬರುತ್ತದೆ. 30 ಇಂಚಿನ ಟೇಬಲ್‌ಗೆ 22 ಇಂಚಿನ ಸೀಟು ಬೇಕು, ಚೇರ್ ಅಷ್ಟು ಏಳಲ್ಲ, ಎದ್ದರೂ ಕಾಲು ಗಾಳಿಯಲ್ಲಿ. ಹಾಗಾಗಿ ಟೇಬಲ್ಲಿನ ಕಾಲನ್ನೇ ಕತ್ತರಿಸುವುದು ಅಂತ ತೀರ್ಮಾನಿಸಿದೆ. ಬಡಗಿ ಬಂದವರು ಗರಗಸ ಕೈಯಲ್ಲಿ ಹಿಡಿದೇ ಕೇಳಿದರು, "ಮೂರಿಂಚಾ? ಆಮೇಲೆ ಅಂಟ್ಸೋಕಾಗಲ್ಲ ನೋಡಿ ಅಮ್ಮ." ಕತ್ತರಿಸಿ ಅಂದೆ. ಈಗ ಟೇಬಲ್ 27, ಸೀಟು 19, ಮೊಣಕೈ ಸರಿಯಾಗಿ ಟೇಬಲ್ ಮಟ್ಟಕ್ಕೆ. ಭುಜ ಇಳಿಬಿಟ್ಟು ಟೈಪ್ ಮಾಡುವುದು ಎಷ್ಟು ಹಾಯಾಗಿರುತ್ತದೆ ಅಂತ ಆ ದಿನವೇ ಗೊತ್ತಾಗಿದ್ದು. ನನ್ನ ಜೊತೆ ಕೆಲಸ ಮಾಡುವ ಹುಡುಗ 5 ಅಡಿ 10 ಇಂಚು ಇದ್ದಾನೆ, ಅವನ ಮಂಡಿ ಇದಕ್ಕೆ ತಾಗುತ್ತದೆ. ಅವನಿಗೆ ಹಳೇ ಎತ್ತರದ ಬೇರೆ ಟೇಬಲ್ ಕೊಡಿಸಿದೆ. ಒಂದೇ ಅಳತೆ ಇಬ್ಬರಿಗೂ ಆಗಲ್ಲ ಅಲ್ವಾ.

ಲ್ಯಾಪ್‌ಟಾಪ್‌ಗೆ 6 ಇಂಚಿನ ಸ್ಟ್ಯಾಂಡ್, ಬೇರೆ ಕೀಬೋರ್ಡ್, ಬೇರೆ ಮೌಸ್. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಇರಲಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಹಾಗೆ ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಕನ್ನಡಕ ಹಾಕುವವರಿಗೆ ಅದು ಆಗಿಬರಲ್ಲ, ಕನ್ನಡಕದ ಕೆಳಭಾಗದಿಂದ ಓದೋಕೆ ಗದ್ದ ಎತ್ತಬೇಕಾಗುತ್ತದೆ, ಕತ್ತು ಮತ್ತೆ ಹಿಡಿದುಕೊಳ್ಳುತ್ತದೆ. ಸ್ವಲ್ಪ ಕೆಳಗೇ ಇಡಿ. ಮೌಸ್ ಎಡಗೈಗೆ ಬದಲಾಯಿಸಿದೆ. ಟ್ಯಾಲಿಗೆ ನಂಬರ್ ಪ್ಯಾಡ್ ಇರುವ ಉದ್ದ ಕೀಬೋರ್ಡೇ ಬೇಕು, ಅದರ ಆಚೆ ಮೌಸ್ ಇಟ್ಟರೆ ಬಲಗೈ ದಿನವಿಡೀ ಹೊರಗೆ ಚಾಚಿಕೊಂಡಿರುತ್ತದೆ. ಭುಜ ಕಲ್ಲಾಗುತ್ತಿದ್ದುದಕ್ಕೆ ಅದೂ ಒಂದು ಕಾರಣ. ಎಡಗೈ ಪಳಗಲು ಎರಡು ವಾರ ಹಿಡಿಯಿತು.

ಇಷ್ಟಾದರೂ ಎದ್ದು ಓಡಾಡಲೇಬೇಕು. ಎಷ್ಟು ಒಳ್ಳೆ ಚೇರ್ ಆದರೂ ಮೂರು ಗಂಟೆ ಕೂತರೆ ಸೊಂಟ ಹಿಡಿಯುತ್ತದೆ. ನಾನು ಸಣ್ಣ ಲೋಟದಲ್ಲೇ ನೀರು ಇಟ್ಟುಕೊಳ್ಳುತ್ತೇನೆ, ತುಂಬಿಸೋಕೆ ಏಳಲೇಬೇಕು. ಫೋನ್ ಬಂದರೆ ನಿಂತೇ ಮಾತು.

ಈಗ ಜೋಮು ಇಲ್ಲ, ಪಾದ ಊದಲ್ಲ. ಭುಜ ಮುಕ್ಕಾಲು ಪಾಲು ಸರಿಹೋಗಿದೆ, 20ನೇ ತಾರೀಖಿನ ಹತ್ತಿರ ಮಾತ್ರ ಸ್ವಲ್ಪ ಎಳೆಯುತ್ತದೆ.

ಲೆಕ್ಕ ಹಾಕಿದವರು ಕೇಳಬಹುದು, ಸೀಟು 19 ಅಂದರೆ 15 ಇಂಚಿನ ಕಾಲಿಗೆ ಇನ್ನೂ 4 ಇಂಚು ಬೇಕಲ್ಲ ಅಂತ. ಮೊದಲು ಊಟಕ್ಕೆ ಕೂರುವ ಅಮ್ಮನ ಮಣೆಯನ್ನು ಕಾಲ ಕೆಳಗೆ ಇಟ್ಟುಕೊಂಡಿದ್ದೆ. ಅಮ್ಮನಿಗೆ ಸರಿಬರಲಿಲ್ಲ, "ಕೂರೋ ಮಣೆ ಮೇಲೆ ಕಾಲಿಡ್ತೀಯಾ" ಅಂತ ಎತ್ತಿಟ್ಟುಬಿಟ್ಟರು. ಟೇಬಲ್ಲಿನಿಂದ ಕತ್ತರಿಸಿದ ಮೂರಿಂಚಿನ ನಾಲ್ಕು ತುಂಡು ಮೂಲೆಯಲ್ಲೇ ಬಿದ್ದಿದ್ದವು. ಬಡಗಿ ಅವುಗಳ ಮೇಲೆ ಒಂದಿಂಚು ದಪ್ಪದ ಹಲಗೆ ಹೊಡೆದು ಕಾಲ್ಮಣೆ ಮಾಡಿಕೊಟ್ಟರು. ಸರಿಯಾಗಿ 4 ಇಂಚು. 150 ರೂಪಾಯಿ ತಗೊಂಡರು.